ಮನೆಯ ಬೆಕ್ಕು, ಹೊಸ ವಾಸನೆ

ಬೋಳಾರದಲ್ಲಿ ಬೆಕ್ಕು ಇಲ್ಲದ ಓಣಿ ಇಲ್ಲ. ತುಳುವಿನಲ್ಲಿ ನಾವು ಅದನ್ನು 'ಪುಚ್ಚೆ' ಎನ್ನುತ್ತೇವೆ. ಕೊಂಕಣಿ ಮನೆಗಳಲ್ಲಿ 'ಮಾಜರ್' ಎನ್ನುತ್ತಾರೆ. ಮೀನಿನ ಬುಟ್ಟಿ ಜಗಲಿಗೆ ಬಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತದೆ. ಒಲೆಯ ಬದಿಯಲ್ಲಿ ಬೆಚ್ಚಗೆ ಮಲಗುತ್ತದೆ. ರಾತ್ರಿ ಇಲಿ ಹಿಡಿಯುತ್ತದೆ.

ಇಂಥ ಬೆಕ್ಕು ಕೆಲವು ಸಲ ಇದ್ದಕ್ಕಿದ್ದ ಹಾಗೆ ಬೇರೆಯೇ ಆಗುತ್ತದೆ. ಕರೆದರೆ ಬರುವುದಿಲ್ಲ. ಕಪಾಟಿನ ಹಿಂದೆ ಅಡಗಿ ಕೂರುತ್ತದೆ. ಅನ್ನ ಮುಟ್ಟುವುದಿಲ್ಲ. ಮನೆಯ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತದೆ. ಇಷ್ಟು ದಿನ ಸರಿ ಇದ್ದ ಬೆಕ್ಕಿಗೆ ಈಗ ಏನಾಯಿತು?

ಅದಕ್ಕೆ ಕೊಬ್ಬು ಬಂದಿದೆ ಎಂದು ನಾವು ಬೈಯುತ್ತೇವೆ. ಹಿಡಿಸೂಡಿ ಎತ್ತುತ್ತೇವೆ. ಕೆಲವರು ಗೋಣಿಯಲ್ಲಿ ಹಾಕಿ ದೂರ ಬಿಟ್ಟು ಬರುತ್ತಾರೆ. ಆದರೆ ಅದಕ್ಕೆ ಮೊದಲು ಒಂದು ಮಾತು ಕೇಳಿಕೊಳ್ಳೋಣ. ಈ ವಾರ ನಮ್ಮ ಮನೆಯಲ್ಲಿ ಹೊಸ ವಾಸನೆ ಏನಾದರೂ ಬಂದಿದೆಯಾ?

ಗೋಡೆಗೆ ಬಣ್ಣ ಹೊಡೆದಿರಬಹುದು. ದುಬೈಯಿಂದ ಅಣ್ಣನ ಪೆಟ್ಟಿಗೆ ಬಂದಿರಬಹುದು. ಮಗಳು ಬಾಣಂತಿಯಾಗಿ ಮಗುವಿನ ಜೊತೆ ಬಂದಿರಬಹುದು. ಹೊಸ ಫಿನಾಯಿಲ್ ತಂದಿರಬಹುದು. ಇವೆಲ್ಲ ನಮಗೆ ಸಣ್ಣ ವಿಷಯ. ಬೆಕ್ಕಿಗೆ ಹಾಗಲ್ಲ. ಅದರ ಪಾಲಿಗೆ ಮನೆಯೇ ಬದಲಾದ ಹಾಗೆ.

ಮೂಗಿನಿಂದ ಮನೆ ನೋಡುವ ಪ್ರಾಣಿ

ನಾವು ಮನೆಯನ್ನು ಕಣ್ಣಿನಿಂದ ಗುರುತು ಹಿಡಿಯುತ್ತೇವೆ. ನಮ್ಮ ಬಾಗಿಲು, ನಮ್ಮ ತುಳಸಿಕಟ್ಟೆ, ನಮ್ಮ ಹಂಚಿನ ಮಾಡು. ಬೆಕ್ಕಿಗೂ ಒಳ್ಳೆಯ ಕಣ್ಣು ಉಂಟು. ಆದರೆ 'ಇದು ನನ್ನ ಮನೆ, ಇಲ್ಲಿ ಭಯವಿಲ್ಲ' ಎಂದು ಅದಕ್ಕೆ ಹೇಳುವುದು ಮುಖ್ಯವಾಗಿ ಮೂಗು. ಅದರ ಮೂಗು ನಮ್ಮ ಮೂಗಿಗಿಂತ ಎಷ್ಟೋ ಪಾಲು ಚುರುಕು.

ಹುಟ್ಟಿದ ಬೆಕ್ಕಿನ ಮರಿಯನ್ನು ನೋಡಿದ್ದೀರಲ್ಲ? ಕಣ್ಣು ಮುಚ್ಚಿರುತ್ತದೆ. ಕಿವಿ ಸರಿಯಾಗಿ ಕೇಳುವುದಿಲ್ಲ. ಕಣ್ಣು ತೆರೆಯಲು ಒಂದರಿಂದ ಎರಡು ವಾರ ಬೇಕು. ಆದರೂ ಅದು ತಾಯಿಯ ಮೊಲೆ ಹುಡುಕುತ್ತದೆ. ಹೇಗೆ? ತಾಯಿಯ ಮೈಯ ಬಿಸಿಯಿಂದ ಮತ್ತು ವಾಸನೆಯಿಂದ. ಬೆಕ್ಕಿನ ಬದುಕು ವಾಸನೆಯಿಂದಲೇ ಶುರುವಾಗುತ್ತದೆ.

ನಮ್ಮ ಬೋಳಾರದ ವಾಸನೆಗಳನ್ನು ನಾವೂ ಬಲ್ಲೆವು. ನೇತ್ರಾವತಿಯ ಕಡೆಯಿಂದ ಬರುವ ಉಪ್ಪುಗಾಳಿ. ಬಂದರಿನ ಧಕ್ಕೆಯ ಮೀನು. ಮಳೆಗಾಲದ ಮಣ್ಣು. ಹಿಂದೆ ಹಂಚಿನ ಕಾರ್ಖಾನೆಗಳ ಹೊಗೆಯೂ ಇತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಹತ್ತಿರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಬಳಿಕ ನದಿಯ ದಂಡೆಯಲ್ಲಿ ಇಂಥ ಕಾರ್ಖಾನೆ ಹಲವು ಎದ್ದವು. ಈಗ ಹೆಚ್ಚಿನವು ಮುಚ್ಚಿವೆ. ಆ ಹೊಗೆಯ ವಾಸನೆ ಬಂದರೆ ಹಳಬರಿಗೆ ಈಗಲೂ ಕೆಲಸಕ್ಕೆ ಹೋಗುತ್ತಿದ್ದ ದಿನ ನೆನಪಾಗುತ್ತದೆ. ವಾಸನೆಗೆ ಅಷ್ಟು ಶಕ್ತಿ ಉಂಟು. ಬೆಕ್ಕಿಗೆ ಆ ಶಕ್ತಿ ಇನ್ನೂ ಹೆಚ್ಚು.

ಮೈ ಉಜ್ಜುವುದು ಯಾಕೆ?

ಬೆಕ್ಕು ಬಂದು ನಮ್ಮ ಕಾಲಿಗೆ ಮೈ ಉಜ್ಜುತ್ತದೆ. ಬಾಗಿಲಿನ ದಾರಂದಕ್ಕೆ ಕೆನ್ನೆ ಉಜ್ಜುತ್ತದೆ. ಮಣೆಯ ಮೂಲೆಗೆ ಗಲ್ಲ ತಿಕ್ಕುತ್ತದೆ. ಇದು ಬರೀ ಮುದ್ದು ಅಂದುಕೊಂಡಿದ್ದೇವೆ. ಅದರಲ್ಲಿ ಇನ್ನೊಂದು ಕೆಲಸವೂ ಉಂಟು.

ಬೆಕ್ಕಿನ ಕೆನ್ನೆ, ಗಲ್ಲ, ಹಣೆ, ಬಾಲದ ಬುಡ, ಪಾದ, ಇಲ್ಲೆಲ್ಲ ಸಣ್ಣ ಗ್ರಂಥಿಗಳು ಇರುತ್ತವೆ. ಅವುಗಳಿಂದ ಒಂದು ವಾಸನೆ ಹೊರಗೆ ಬರುತ್ತದೆ. ಅದು ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಉಜ್ಜಿದ ಜಾಗಕ್ಕೆಲ್ಲ ಆ ವಾಸನೆ ಅಂಟುತ್ತದೆ. ನಾವು ಪಾತ್ರೆಯ ಮೇಲೆ ಹೆಸರು ಕೊರೆಸುತ್ತೇವಲ್ಲ, ಹಾಗೆ. 'ಇದು ನನ್ನದು, ಇವರು ನನ್ನವರು' ಎಂದು ಬೆಕ್ಕು ಮನೆಯ ತುಂಬ ಬರೆದಿಡುತ್ತದೆ.

ನಾವು ಗೋಡೆಗೆ ಬಣ್ಣ ಹೊಡೆದರೆ ಆ ಬರಹ ಅಳಿಸಿ ಹೋಗುತ್ತದೆ. ಹಳೆಯ ಚಾಪೆ ಬಿಸಾಡಿದರೆ ಹೋಗುತ್ತದೆ. ನೆಲವನ್ನು ಖಾರ ವಾಸನೆಯ ಔಷಧಿ ಹಾಕಿ ಒರೆಸಿದರೆ ಹೋಗುತ್ತದೆ. ಬೆಕ್ಕು ಮನೆಗೆ ಬಂದು ಮೂಸಿ ನೋಡುತ್ತದೆ. ತನ್ನ ಗುರುತು ಎಲ್ಲೂ ಇಲ್ಲ. ಆಗ ಅದಕ್ಕೆ ದಿಗಿಲು ಹುಟ್ಟುತ್ತದೆ.

ಈ ದಿಗಿಲು ಹೆಂಗಸರಾದ ನಮಗೆ ಬೇಗ ಅರ್ಥ ಆಗುತ್ತದೆ. ಮದುವೆಯಾಗಿ ಗಂಡನ ಮನೆಗೆ ಬಂದ ಮೊದಲ ರಾತ್ರಿ ನೆನಪು ಮಾಡಿಕೊಳ್ಳೋಣ. ತಲೆದಿಂಬಿನ ವಾಸನೆ ಬೇರೆ. ಅಡಿಗೆಯ ಎಣ್ಣೆ ಬೇರೆ. ಬಚ್ಚಲಿನ ಸಾಬೂನು ಬೇರೆ. ನಿದ್ದೆ ಬಾರದೆ, ತವರಿನಿಂದ ತಂದ ಸೀರೆಯನ್ನು ಮುಖಕ್ಕೆ ಒತ್ತಿ ಹಿಡಿದವರು ನಮ್ಮಲ್ಲಿ ಇಲ್ಲವಾ? ಆಗ ಯಾರಾದರೂ ಒಂದು ಒಳ್ಳೆಯ ಮಾತು ಹೇಳಿದರೆ ಎಷ್ಟು ಸಮಾಧಾನ ಆಗುತ್ತಿತ್ತು! ಬೆಕ್ಕಿಗೂ ಅಷ್ಟೇ ಬೇಕು. ಒಂದು ಹಳೆಯ ಬಟ್ಟೆ ಮತ್ತು ಸ್ವಲ್ಪ ಸಮಯ.

ಬಾಯಿ ತೆರೆದು ನಿಂತ ಬೆಕ್ಕು

ಕೆಲವು ಸಲ ಬೆಕ್ಕು ಒಂದು ಕಡೆ ಮೂಸುತ್ತದೆ. ಮತ್ತೆ ಮೇಲಿನ ತುಟಿ ಎತ್ತಿ, ಬಾಯಿ ಅರ್ಧ ತೆರೆದು, ಹಾಗೆಯೇ ನಿಲ್ಲುತ್ತದೆ. ನೋಡಿದರೆ ನಗು ಬರುತ್ತದೆ. ಅಸಹ್ಯ ಪಟ್ಟ ಹಾಗೆ ಕಾಣುತ್ತದೆ. ಆದರೆ ಅದು ವಾಸನೆಯನ್ನು ಇನ್ನೂ ಸರಿಯಾಗಿ ಪರೀಕ್ಷೆ ಮಾಡುತ್ತಿದೆ.

ಬೆಕ್ಕಿನ ಬಾಯಿಯ ಮೇಲ್ಭಾಗದಲ್ಲಿ, ಮುಂದಿನ ಹಲ್ಲುಗಳ ಹಿಂದೆ, ಎರಡು ಸಣ್ಣ ತೂತು ಉಂಟು. ಅಲ್ಲಿಂದ ಒಳಗೆ ವಾಸನೆ ಹಿಡಿಯುವ ಇನ್ನೊಂದು ಅಂಗ ಇದೆ. ಡೆನ್ಮಾರ್ಕ್ ದೇಶದ ಲುಡ್ವಿಗ್ ಜೇಕಬ್ಸನ್ ಎಂಬವರು 1813ರಲ್ಲಿ ಇದನ್ನು ವಿವರಿಸಿದರು. ಅದಕ್ಕೇ ಇದನ್ನು 'ಜೇಕಬ್ಸನ್ ಅಂಗ' ಎನ್ನುತ್ತಾರೆ. ಬೇರೆ ಬೆಕ್ಕು ಬಂದಿತ್ತಾ? ಗಂಡೋ ಹೆಣ್ಣೋ? ಇದನ್ನೆಲ್ಲ ಬೆಕ್ಕು ಈ ಅಂಗದಿಂದ ತಿಳಿಯುತ್ತದೆ. ಒಂದು ರೀತಿಯಲ್ಲಿ ಬೆಕ್ಕಿಗೆ ಎರಡು ಮೂಗು!

ಬಾಯಿ ತೆರೆದು ಒಂದೆರಡು ಕ್ಷಣ ನಿಂತರೆ ಹೆದರಬೇಡಿ. ಆದರೆ ಬಾಯಿ ತೆರೆದು ಏದುಸಿರು ಬಿಡುತ್ತಲೇ ಇದ್ದರೆ ಅದು ಕಾಯಿಲೆ. ಪಶು ಆಸ್ಪತ್ರೆಗೆ ಕೊಂಡು ಹೋಗಬೇಕು.

ಒಳ್ಳೆಯ ವಾಸನೆ, ಕೆಟ್ಟ ವಾಸನೆ

ನಮಗೆ ಮಲ್ಲಿಗೆ ಒಳ್ಳೆಯ ವಾಸನೆ, ಮೀನಿನ ನೀರು ಕೆಟ್ಟ ವಾಸನೆ. ಬೆಕ್ಕಿನ ಲೆಕ್ಕವೇ ಬೇರೆ. ಗೊತ್ತಿದ್ದ ವಾಸನೆ ಒಳ್ಳೆಯದು. ಗೊತ್ತಿಲ್ಲದ ವಾಸನೆ ಭಯದ್ದು.

ಬೀಡಿ ಕಟ್ಟುವ ಮನೆಯಲ್ಲಿ ಬೆಳೆದ ಬೆಕ್ಕನ್ನು ನೋಡಿ. ಹೊಗೆಸೊಪ್ಪಿನ ಘಾಟು ಇದ್ದರೂ ಅದು ತಡ್ಪೆಯ ಪಕ್ಕದಲ್ಲೇ ಸುಖವಾಗಿ ಮಲಗುತ್ತದೆ. ಅದಕ್ಕೆ ಅದು ಮನೆಯ ವಾಸನೆ. ಅದೇ ಬೆಕ್ಕಿನ ಮುಂದೆ ದುಬಾರಿ ಅತ್ತರು ಹಾಕಿಕೊಂಡ ನೆಂಟರು ಬಂದರೆ ಎದ್ದು ಓಡುತ್ತದೆ. (ಒಂದು ಎಚ್ಚರ: ಹೊಗೆಸೊಪ್ಪು ಬೆಕ್ಕಿನ ಹೊಟ್ಟೆಗೆ ಹೋದರೆ ವಿಷ. ಎಲೆ, ಪುಡಿ ಮುಚ್ಚಿಡಿ. ಕೈ ತೊಳೆದು ಅದಕ್ಕೆ ಅನ್ನ ಹಾಕಿ.)

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಕುದಿಯುವ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡ ಬೆಕ್ಕು ಮತ್ತೆ ಹಾಲು ಕಂಡರೆ ಓಡುತ್ತಿತ್ತಂತೆ. ಕತೆ ಇರಬಹುದು, ಆದರೆ ಅದರಲ್ಲಿ ನಿಜ ಉಂಟು. ಒಂದು ವಾಸನೆಯ ಜೊತೆ ನೋವು ಸೇರಿದರೆ ಬೆಕ್ಕು ಮರೆಯುವುದಿಲ್ಲ. ಹೊಸ ವಾಸನೆಗೆ ಹೆದರಿದ ಬೆಕ್ಕಿಗೆ ನಾವು ಹೊಡೆದರೆ ಏನಾಗುತ್ತದೆ? ಆ ವಾಸನೆ ಮತ್ತು ಪೆಟ್ಟು ಎರಡೂ ಅದರ ತಲೆಯಲ್ಲಿ ಒಂದಾಗುತ್ತದೆ. ಹೆದರಿಕೆ ಇಮ್ಮಡಿ ಆಗುತ್ತದೆ.

ಬೆಕ್ಕಿಗೆ ಹುಚ್ಚು ಹಿಡಿಸುವ ಗಿಡವೂ ನಮ್ಮ ಹಿತ್ತಿಲಿನಲ್ಲಿ ಉಂಟು. ಅದೇ ಕುಪ್ಪಿಗಿಡ. ಅದರ ಬೇರು ಕಿತ್ತು ಇಟ್ಟರೆ ಕೆಲವು ಬೆಕ್ಕುಗಳು ಓಡಿ ಬಂದು ಮೂಸುತ್ತವೆ, ಉಜ್ಜುತ್ತವೆ, ಹೊರಳಾಡುತ್ತವೆ. ಪರದೇಶದಲ್ಲಿ ಇಂಥದೇ ಇನ್ನೊಂದು ಗಿಡ ಬೆಳೆಯುತ್ತದೆ. ಅದರ ಹೆಸರು ಕ್ಯಾಟ್‌ನಿಪ್. ಎಲ್ಲ ಬೆಕ್ಕುಗಳೂ ಅದಕ್ಕೆ ಮರುಳಾಗುವುದಿಲ್ಲ. ಅದು ತಾಯಿ ತಂದೆಯಿಂದ ಬರುವ ಗುಣ.

ಬಾಣಂತಿ ಕೋಣೆಯ ಬೆಕ್ಕು

ಮನೆಗೆ ಮಗು ಬಂದಿತು ಅಂದುಕೊಳ್ಳೋಣ. ಎಣ್ಣೆ, ಬೆಳ್ಳುಳ್ಳಿ, ಸಾಂಬ್ರಾಣಿ ಹೊಗೆ, ಎದೆಹಾಲು, ಮಗುವಿನ ಬಟ್ಟೆ, ಎಷ್ಟೊಂದು ಹೊಸ ವಾಸನೆ! ಜೊತೆಗೆ ಮಗುವಿನ ಅಳು. ಬೆಕ್ಕು ಗಲಿಬಿಲಿ ಆಗುತ್ತದೆ. ತೊಟ್ಟಿಲಿನ ಬುಡಕ್ಕೆ ಬಂದು ಮೂಸುತ್ತದೆ.

ಬೆಕ್ಕು ಮಗುವಿನ ಉಸಿರು ಎಳೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ಸುಳ್ಳು. ಹಾಲಿನ ವಾಸನೆ ಮತ್ತು ಬೆಚ್ಚಗಿನ ಜಾಗ ಅದನ್ನು ಕರೆಯುತ್ತದೆ, ಅಷ್ಟೇ. ಆದರೂ ಎಳೆಮಗು ಇರುವ ತೊಟ್ಟಿಲಿನಲ್ಲಿ ಬೆಕ್ಕು ಮಲಗಬಾರದು. ಮಗುವಿನ ಮುಖಕ್ಕೆ ಒತ್ತಿ ಮಲಗಿದರೆ ಉಸಿರಿಗೆ ತೊಂದರೆ. ಉಗುರು ತಾಗಬಹುದು. ಮಗು ಒಂದೇ ಇರುವಾಗ ಕೋಣೆಯ ಬಾಗಿಲು ಹಾಕಿಡಿ.

ಆದರೆ ಬೆಕ್ಕನ್ನು ಹೊಡೆದು ಓಡಿಸಬೇಡಿ. ಮಗು ಮನೆಗೆ ಬರುವ ಮೊದಲೇ ಅದು ಹಾಕಿದ ಒಂದು ಬಟ್ಟೆಯನ್ನು ಆಸ್ಪತ್ರೆಯಿಂದ ತನ್ನಿ. ಬೆಕ್ಕು ಊಟ ಮಾಡುವ ಜಾಗದ ಹತ್ತಿರ ಇಡಿ. ಅದು ತಾನಾಗಿ ಮೂಸಲಿ. ಮಗು ಬರುವಾಗ ಆ ವಾಸನೆ ಅದಕ್ಕೆ ಹಳೆಯದಾಗಿರುತ್ತದೆ.

ಇನ್ನೊಂದು ಮಾತು. ಬಸುರಿಯರು ಬೆಕ್ಕಿನ ಹೇಲು ಬಾಚಬಾರದು. ಅದರಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಕೊಡುವ ರೋಗ ಬರಬಹುದು. ಆ ಕೆಲಸ ಮನೆಯ ಬೇರೆಯವರು ಮಾಡಲಿ.

ಆಸ್ಪತ್ರೆಗೆ ಹೋಗಿ ಬಂದ ಬೆಕ್ಕು

ಮನೆಯಲ್ಲಿ ಎರಡು ಬೆಕ್ಕು ಇವೆ. ಒಂದೇ ಬಟ್ಟಲಿನಲ್ಲಿ ತಿನ್ನುತ್ತವೆ. ಒಂದನ್ನು ಪಶು ಆಸ್ಪತ್ರೆಗೆ ಕೊಂಡು ಹೋಗಿ ತಂದಿರಿ. ಮನೆಯಲ್ಲಿದ್ದ ಬೆಕ್ಕು ಅದನ್ನು ಕಂಡು ಬುಸುಗುಟ್ಟುತ್ತದೆ. ಹೊಡೆದಾಟಕ್ಕೆ ಬರುತ್ತದೆ. ನಿನ್ನೆಯ ಗೆಳೆಯ ಇವತ್ತು ವೈರಿ ಆದದ್ದು ಹೇಗೆ?

ಮುಖ ಅದೇ, ಮೈ ಅದೇ. ಆದರೆ ವಾಸನೆ ಆಸ್ಪತ್ರೆಯದು. ಮನೆಯ ಬೆಕ್ಕಿನ ಮೂಗು 'ಇದು ಬೇರೆ ಬೆಕ್ಕು' ಎನ್ನುತ್ತದೆ. ಬಂದ ಬೆಕ್ಕನ್ನು ಒಂದು ದಿನ ಬೇರೆ ಕೋಣೆಯಲ್ಲಿ ಇಡಿ. ಒಂದೇ ಬಟ್ಟೆಯಿಂದ ಎರಡರ ಮೈಯನ್ನೂ ಒರೆಸಿ. ವಾಸನೆ ಒಂದಾದರೆ ಗೆಳೆತನವೂ ಮರಳಿ ಬರುತ್ತದೆ.

ಹೊಸ ಬೆಕ್ಕು ತಂದರೂ ಹೀಗೆಯೇ. ಮೊದಲು ವಾಸನೆಯ ಪರಿಚಯ. ಮುಖದ ಪರಿಚಯ ಆಮೇಲೆ. ಕೆಲವು ದಿನ ಬಾಗಿಲಿನ ಆಚೆ ಒಂದು, ಈಚೆ ಒಂದು ಇಟ್ಟು ಊಟ ಹಾಕಿ.

ಫಿನಾಯಿಲ್: ಇಲ್ಲಿ ಜಾಗ್ರತೆ ಬೇಕು

ಇಷ್ಟು ಹೊತ್ತು ಹೇಳಿದ್ದು ಹೆದರಿಕೆಯ ಮಾತು. ಈಗ ಹೇಳುವುದು ಜೀವದ ಮಾತು.

ಬೆಕ್ಕು ಉಚ್ಚೆ ಹೊಯ್ದ ಕೂಡಲೇ ನಾವು ಫಿನಾಯಿಲ್ ಸುರಿಯುತ್ತೇವೆ. ಕರಿ ಫಿನಾಯಿಲ್ ಆಗಲಿ, ಬಿಳಿ ಫಿನಾಯಿಲ್ ಆಗಲಿ, ಬೆಕ್ಕಿಗೆ ಅದು ಆಗದು. ಬೆಕ್ಕು ಚಪ್ಪಲಿ ಹಾಕುವುದಿಲ್ಲ. ಒದ್ದೆ ನೆಲದಲ್ಲಿ ನಡೆಯುತ್ತದೆ. ಮತ್ತೆ ಕುಳಿತು ಪಾದ ನೆಕ್ಕುತ್ತದೆ. ಫಿನಾಯಿಲ್ ನೇರ ಹೊಟ್ಟೆಗೆ ಹೋಗುತ್ತದೆ.

ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ಇಂಥ ವಿಷವನ್ನು ಸ್ವಲ್ಪ ಮಟ್ಟಿಗೆ ಮುರಿದು ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರಿಗೆ ಆ ಶಕ್ತಿ ತೀರಾ ಕಡಿಮೆ. ಅದಕ್ಕೇ ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕಿಗೆ ವಿಷ. ಒಂದು ಮಾತ್ರೆ ಸಾಕು, ಜೀವ ಹೋಗಬಹುದು. ಪಾಪ, ಜ್ವರ ಬಂದಿದೆ ಎಂದು ಎಂದೂ ಕೊಡಬೇಡಿ.

ಬಟ್ಟೆ ಪೆಟ್ಟಿಗೆಗೆ ಹಾಕುವ ಬಿಳಿ ನುಸಿಗುಳಿಗೆ, ಕರ್ಪೂರ, ನೀಲಗಿರಿ ಎಣ್ಣೆ, ಸೀಮೆಎಣ್ಣೆ, ಇವೂ ಬೆಕ್ಕಿಗೆ ಅಪಾಯ. ಬೆಕ್ಕು ಬಾರದಿರಲಿ ಎಂದು ಇವನ್ನು ಮೂಲೆಯಲ್ಲಿ ಇಡಬೇಡಿ. ಮನೆಯ ಸಣ್ಣ ಮಕ್ಕಳಿಗೂ ಇವು ವಿಷವೇ. ಮಕ್ಕಳು ಪೆಪ್ಪರಮಿಂಟು ಎಂದು ನುಸಿಗುಳಿಗೆಯನ್ನು ಬಾಯಿಗೆ ಹಾಕುವುದುಂಟು. ಬೆಕ್ಕಿಗಾಗಿ ಇಟ್ಟ ಜಾಗ್ರತೆ ಮಗುವನ್ನೂ ಕಾಯುತ್ತದೆ.

ಹಾಗಾದರೆ ನೆಲ ಒರೆಸುವುದು ಹೇಗೆ? ಸಾಬೂನು ಪುಡಿಯ ನೀರು ಸಾಕು. ಉಚ್ಚೆಯ ಜಾಗಕ್ಕೆ ಅಡಿಗೆ ಸೋಡಾ ಉದುರಿಸಿ ಸ್ವಲ್ಪ ಹೊತ್ತು ಬಿಡಿ. ಮತ್ತೆ ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿ. ಚಾಪೆ, ಗೋಣಿಯನ್ನು ತೊಳೆದು ಬಿಸಿಲಿಗೆ ಹಾಕಿ. ಉಚ್ಚೆಯ ವಾಸನೆ ಉಳಿದರೆ ಬೆಕ್ಕು ಅಲ್ಲಿಗೇ ಮತ್ತೆ ಬರುತ್ತದೆ. ಫಿನಾಯಿಲ್ ಹಾಕಲೇಬೇಕಾದರೆ ನೆಲ ಪೂರ್ತಿ ಒಣಗುವ ತನಕ ಬೆಕ್ಕನ್ನೂ ಮಗುವನ್ನೂ ಒಳಗೆ ಬಿಡಬೇಡಿ.

ನಾವು ಏನು ಮಾಡೋಣ?

ಬಣ್ಣ ಹೊಡೆಯುವಾಗ ಮನೆ ಪೂರ್ತಿ ಒಂದೇ ದಿನ ಹೊಡೆಯಬೇಡಿ. ಒಂದು ಕೋಣೆಯನ್ನು ಬೆಕ್ಕಿಗೆ ಹಾಗೆಯೇ ಬಿಡಿ. ಕಿಟಕಿ ತೆರೆದಿಡಿ.

ಬೆಕ್ಕು ಮಲಗುವ ಬಟ್ಟೆಯನ್ನು ಮನೆಯ ಬೇರೆ ಬಟ್ಟೆಯ ಜೊತೆ ಒಟ್ಟಿಗೆ ಒಗೆದು ಹಾಕಬೇಡಿ. ಅದರ ವಾಸನೆ ಇರುವ ಒಂದಾದರೂ ಬಟ್ಟೆ ಯಾವಾಗಲೂ ಇರಲಿ. ಮನೆ ಬದಲಿಸುವಾಗ ಆ ಬಟ್ಟೆ ಜೊತೆಗೆ ಬರಲಿ.

ಮೆತ್ತಗಿನ ಬಟ್ಟೆಯಿಂದ ಬೆಕ್ಕಿನ ಕೆನ್ನೆ ಒರೆಸಿ. ಅದೇ ಬಟ್ಟೆಯನ್ನು ಹೊಸ ಪೆಟ್ಟಿಗೆಯ ಮೂಲೆಗೆ, ಹೊಸ ಮಂಚದ ಕಾಲಿಗೆ ಉಜ್ಜಿ. ಬೆಕ್ಕಿನ ಗುರುತನ್ನು ನಾವೇ ಹಾಕಿಕೊಟ್ಟ ಹಾಗೆ ಆಗುತ್ತದೆ.

ಅಡಗಿ ಕುಳಿತ ಬೆಕ್ಕನ್ನು ಎಳೆಯಬೇಡಿ. ಹತ್ತಿರ ನೀರು ಇಡಿ, ಸ್ವಲ್ಪ ಬಂಗುಡೆಯೋ ಬೂತಾಯಿಯೋ ಇಡಿ. ಸ್ವಲ್ಪ ಬೆಚ್ಚಗೆ ಮಾಡಿ ಇಟ್ಟರೆ ವಾಸನೆ ಏಳುತ್ತದೆ, ಬೇಗ ಬರುತ್ತದೆ. ಹೆದರಿದ ಬೆಕ್ಕನ್ನು ಎಳೆದರೆ ಕಚ್ಚುತ್ತದೆ, ಪರಚುತ್ತದೆ. ಕಚ್ಚಿದರೆ ಸಣ್ಣ ಗಾಯ ಎಂದು ಬಿಡಬೇಡಿ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ಹುಚ್ಚುನಾಯಿ ರೋಗ ಬರುತ್ತದೆ. ಅದಕ್ಕೆ ಚುಚ್ಚುಮದ್ದು ಉಂಟು.

ಗಂಡು ಬೆಕ್ಕು ಗೋಡೆಗೆ ಬೆನ್ನು ಹಾಕಿ, ಬಾಲ ಎತ್ತಿ ನಡುಗಿಸಿ ಉಚ್ಚೆ ಸಿಡಿಸಿದರೆ ಅದು ಗುರುತು ಹಾಕುವುದು. ಹೊರಗಿನ ಬೆಕ್ಕಿನ ವಾಸನೆ ಬಂದರೆ ಹೀಗೆ ಮಾಡುತ್ತದೆ. ಪಶು ವೈದ್ಯರ ಹತ್ತಿರ ಸಂತಾನಹರಣ ಆಪರೇಶನ್ ಮಾಡಿಸಿದರೆ ಹೆಚ್ಚಿನ ಬೆಕ್ಕುಗಳು ಇದನ್ನು ಬಿಡುತ್ತವೆ.

ಎಲ್ಲಕ್ಕೂ ವಾಸನೆಯೇ ಕಾರಣವಾ?

ಅಲ್ಲ. ಕೆಲವು ಸಲ ಅದು ಕಾಯಿಲೆ. ಬೆಕ್ಕು ಮತ್ತೆ ಮತ್ತೆ ಉಚ್ಚೆಗೆ ಕೂತು ಮುಕ್ಕಿದರೂ ಉಚ್ಚೆ ಬಾರದಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ಕೊಂಡು ಹೋಗಬೇಕು. ಗಂಡು ಬೆಕ್ಕಿನಲ್ಲಿ ಉಚ್ಚೆಯ ದಾರಿ ಕಟ್ಟಿಕೊಳ್ಳುವುದುಂಟು. ತಡ ಮಾಡಿದರೆ ಸಾಯುತ್ತದೆ. ಎರಡು ದಿನ ಏನೂ ತಿನ್ನದಿದ್ದರೂ ತೋರಿಸಬೇಕು. ಶೀತವಾಗಿ ಮೂಗು ಕಟ್ಟಿದರೂ ಬೆಕ್ಕು ಊಟ ಬಿಡುತ್ತದೆ, ವಾಸನೆ ಇಲ್ಲದೆ ಅದಕ್ಕೆ ರುಚಿ ಇಲ್ಲ. ಜೊಲ್ಲು ಸುರಿಸಿದರೆ, ನಡುಗಿದರೆ, ತೂರಾಡಿದರೆ ವಿಷ ಹೊಟ್ಟೆಗೆ ಹೋಗಿರಬಹುದು. ಏನು ನೆಕ್ಕಿತು ಎಂದು ನೋಡಿ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಬೆಕ್ಕಿಗೆ ಯಾಕೆ ಇಷ್ಟು ತಲೆಬಿಸಿ ಎಂದು ಕೇಳಬಹುದು. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಇಲಿಜ್ವರದ ಭಯ ಉಂಟು. ಅದು ಇಲಿಯ ಉಚ್ಚೆ ಸೇರಿದ ನೀರಿನಿಂದ ಹರಡುತ್ತದೆ. ಬೆಕ್ಕನ್ನು ಒಮ್ಮೆಯೂ ಕಾಣದ ಇಲಿ ಕೂಡ ಬೆಕ್ಕಿನ ವಾಸನೆಗೆ ಹೆದರುತ್ತದೆ. ಬೆಕ್ಕು ಮೈ ಉಜ್ಜಿ ಓಡಾಡುವ ಮನೆ ಇಲಿಗೆ ಹಿತವಲ್ಲ. ಬೆಕ್ಕು ಇದೆಯೆಂದು ಕಸ ರಾಶಿ ಹಾಕಬಾರದು, ಅದು ಬೇರೆ ಮಾತು. ಆದರೆ ಇದ್ದ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಬಿಟ್ಟು ಬಂದರೆ ನಷ್ಟ ನಮಗೂ ಉಂಟು. ಬೆಕ್ಕಿಗಂತೂ ಗುರುತಿನ ವಾಸನೆ ಒಂದೂ ಇಲ್ಲದ ಜಾಗ ಅದು.

ನೆನಪಿಡೋಣ

1. ಬೆಕ್ಕು ಮನೆಯನ್ನು ವಾಸನೆಯಿಂದ ಗುರುತಿಸುತ್ತದೆ.
2. ಹೊಸ ವಾಸನೆಗೆ ಬೆಕ್ಕು ಹೆದರುತ್ತದೆ. ಹೊಡೆದರೆ ಹೆದರಿಕೆ ಹೆಚ್ಚುತ್ತದೆ.
3. ಅದರ ಹಳೆಯ ಬಟ್ಟೆ ಇರಲಿ. ಕೆಲವು ದಿನ ಸಮಯ ಕೊಡೋಣ.
4. ಫಿನಾಯಿಲ್, ನುಸಿಗುಳಿಗೆ, ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ.
5. ಉಚ್ಚೆ ಕಟ್ಟಿದರೆ, ಎರಡು ದಿನ ಊಟ ಬಿಟ್ಟರೆ ಪಶು ಆಸ್ಪತ್ರೆಗೆ ಕೊಂಡು ಹೋಗೋಣ.

ಕೂಡಿ ಮಾತಾಡೋಣ

ನಿಮ್ಮ ಮನೆಯ ಬೆಕ್ಕು ಯಾವ ವಾಸನೆಗೆ ಓಡಿ ಬರುತ್ತದೆ? ಯಾವ ವಾಸನೆಗೆ ಓಡಿ ಹೋಗುತ್ತದೆ?

ನೆಲ ಒರೆಸಲು ನೀವು ಏನು ಹಾಕುತ್ತೀರಿ? ಆ ಬಾಟಲಿಯ ಮೇಲೆ ಏನು ಬರೆದಿದೆ? ಇವತ್ತು ಮನೆಗೆ ಹೋಗಿ ಓದಿ ನೋಡಿ. ನಾಳೆ ಬಂದು ಎಲ್ಲರಿಗೂ ಹೇಳಿ.